ಒಂಬತ್ತರ ಜಾಗದಲ್ಲಿ ಏಳು

ನಮ್ಮೂರ ಅಂಗನವಾಡಿಯ ಮೂಲೆಯಲ್ಲಿ ಒಂದು ತೂಕದ ಯಂತ್ರವಿದೆ. ಮೇಲೆ ಹತ್ತಿ ನಿಂತರೆ ಪಾದದ ಮುಂದಿನ ಗಾಜಿನೊಳಗೆ ಮುಳ್ಳು ಓಡುತ್ತದೆ. ಬಸುರಿಯರಿಗೆ ಹೊಟ್ಟೆ ಅಡ್ಡ ಬಂದು ಅದು ಕಾಣುವುದಿಲ್ಲ, ಎದುರಿಗೆ ಕುಕ್ಕರುಗಾಲಲ್ಲಿ ಕೂತವಳಿಗೆ ಮಾತ್ರ ಕಾಣುತ್ತದೆ. ಹದಿನಾಲ್ಕು ವರ್ಷದಿಂದ ಹಾಗೆ ಕೂತು ನೋಡಿ, ಕೂಗಿ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಯುವವಳು ನಾನು. ಹೆಸರು ಶಿವಲಿಂಗಮ್ಮ, ತಿಪ್ಪಸಂದ್ರ ಹೋಬಳಿಯ ಒಂದು ಊರಿನ ಆಶಾ ಕಾರ್ಯಕರ್ತೆ. ಬಾಯಿ ಜೋರು ಎಂದು ಊರಲ್ಲಿ ಹೆಸರಾಗಿದ್ದೇನೆ, ಅದೇನೂ ಸುಳ್ಳಲ್ಲ. ಆದರೆ ಬಾಯಿ ಬಿಡಲೇಬೇಕಾಗಿದ್ದ ಒಂದು ದಿನ ನಾನು ಬಿಡಲಿಲ್ಲ. ಈಗ ಅದನ್ನೇ ಹೇಳುತ್ತೇನೆ.

ಚೈತ್ರಾ ಕನಕಪುರದ ಕಡೆಯ ಹುಡುಗಿ. ನಮ್ಮೂರ ದೊಡ್ಡಲಕ್ಷ್ಮಮ್ಮನ ಮಗ ಮಹೇಂದ್ರನನ್ನು ಮದುವೆಯಾಗಿ ಬಂದವಳು. ಮಹೇಂದ್ರ ಬಿಡದಿಯ ಕಾರ್ಖಾನೆಯೊಂದಕ್ಕೆ ಶಿಫ್ಟಿನ ಮೇಲೆ ಹೋಗುತ್ತಾನೆ. ಚೈತ್ರಾ ಮನೆಯ ಪಡಸಾಲೆಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಮಾಗಡಿಯಿಂದಲೂ ಹೆಂಗಸರು ಬಟ್ಟೆ ತಂದುಕೊಡುವಷ್ಟು ಅಚ್ಚುಕಟ್ಟಾದ ಕೈ ಅವಳದು. ಬೆಳಗ್ಗೆ ಕೂತರೆ ದೀಪ ಹಚ್ಚುವವರೆಗೂ ಕೂತೇ ಇರುವ ಕೆಲಸ. ಮೊದಲೇ ದುಂಡು ಮೈ, ಮದುವೆಯಾದ ಮೂರು ವರ್ಷದಲ್ಲಿ ಇನ್ನಷ್ಟು ತುಂಬಿಕೊಂಡಿತು. ಊರಿನ ಹೆಂಗಸರ ಎದೆ ಸೊಂಟದ ಅಳತೆಯನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದವಳು, ತನ್ನ ಬ್ಲೌಸನ್ನು ಮಾತ್ರ ಹಳೆಯದರ ಮೇಲೆ ಅಂದಾಜಿನಲ್ಲಿ ಕತ್ತರಿಸಿಕೊಳ್ಳುತ್ತಿದ್ದಳು.

ಮೂರು ವರ್ಷವಾದರೂ ಮಕ್ಕಳಾಗಲಿಲ್ಲ. ಮಾಗಡಿಯ ಲೇಡಿ ಡಾಕ್ಟರೊಬ್ಬರು, ಬಸುರಾಗುವ ಮೊದಲೇ ಹದಿನೈದು ಕೆಜಿಯಾದರೂ ಇಳಿಸು, ನಿನಗೂ ಒಳ್ಳೆಯದು ಹುಟ್ಟುವ ಮಗುವಿಗೂ ಒಳ್ಳೆಯದು ಎಂದಿದ್ದರಂತೆ. ಚೈತ್ರಾ ಅದನ್ನು ನಂಬಿ ಬೆಳಗ್ಗೆ ಎದ್ದು ಟಾರು ರಸ್ತೆಯಲ್ಲಿ ನಡೆಯತೊಡಗಿದಳು. ಡೇರಿಗೆ ಹಾಲು ಹಾಕಲು ಹೋಗುವವರೆಲ್ಲ ಅವಳನ್ನು ಕಂಡು ಮುಸಿಮುಸಿ ನಕ್ಕರು. ಎಂಟನೆಯ ದಿನ ಯಾವನೋ ಬೈಕಿನಿಂದಲೇ, "ರಸ್ತೆ ಕುಸಿದೀತು ಕಣಕ್ಕಾ!" ಎಂದು ಕೂಗಿ ಹೋದನಂತೆ. ಒಂಬತ್ತನೆಯ ದಿನ ಅವಳು ಹೊರಗೆ ಕಾಲಿಡಲಿಲ್ಲ. ಇತ್ತ ದೊಡ್ಡಲಕ್ಷ್ಮಮ್ಮ ಬಂದವರ ಮುಂದೆಲ್ಲ, "ಒಳಗೆಲ್ಲ ಕೊಬ್ಬೇ ತುಂಬ್ಕೊಂಡದೆ, ಬಸುರು ಎಲ್ಲಿ ಕೂತ್ಕತದೆ ಹೇಳು" ಎನ್ನುತ್ತಿದ್ದಳು. ಕೆಟ್ಟ ಹೆಂಗಸಲ್ಲ ಅವಳು. ಮೊಮ್ಮಗುವಿನ ಆಸೆಗೆ ಬಾಯಿ ಹರಿಯಬಿಡುತ್ತಿದ್ದಳು, ಅಷ್ಟೇ. ಆದರೆ ಕೇಳಿಸಿಕೊಳ್ಳುವವಳಿಗೆ ಅದರಿಂದ ಏನೂ ಕಡಿಮೆಯಾಗುತ್ತಿರಲಿಲ್ಲ.

ನಾಲ್ಕನೆಯ ವರ್ಷ ಅಂತೂ ಮುಟ್ಟು ನಿಂತಿತು. ಎರಡು ತಿಂಗಳು ತುಂಬುತ್ತಲೇ ಅತ್ತೆ ಸೊಸೆ ಇಬ್ಬರೂ ತಾಯಿ ಕಾರ್ಡು ಮಾಡಿಸಲು ಬಂದರು. ಅವತ್ತು ಗುರುವಾರ, ಮಕ್ಕಳಿಗೆ ಚುಚ್ಚುಮದ್ದಿನ ದಿನ. ಹತ್ತು ಹನ್ನೆರಡು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ನಮ್ಮ ಉಪಕೇಂದ್ರದ ಸಿಸ್ಟರ್ ವರ್ಗವಾಗಿ ಹೋಗಿ, ಪಕ್ಕದ ಊರಿನ ಸಿಸ್ಟರೇ ಎರಡೂ ಕಡೆ ನೋಡಿಕೊಳ್ಳುತ್ತಿದ್ದರು. ಅವರು ಅಳುವ ಮಕ್ಕಳ ನಡುವೆ ಮುಳುಗಿಹೋಗಿದ್ದರು. ತೂಕ ನೋಡುವುದು ನನ್ನ ಪಾಲಿಗೆ ಬಂದಿತ್ತು.

ಚೈತ್ರಾ ಯಂತ್ರದ ಮೇಲೆ ಕಾಲಿಟ್ಟಳು. ಗೋಡೆಯ ಕಡೆಯಿಂದ ಯಾರೋ, "ಮುಳ್ಳು ಮುರ್ದೋದಾತು, ಜ್ವಾಪಾನ!" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ದೊಡ್ಡಲಕ್ಷ್ಮಮ್ಮನೂ ನಕ್ಕಳು. ನಕ್ಕು, "ಜೋರಾಗಿ ಹೇಳು ಶಿವಲಿಂಗಿ, ನಾನೂ ಒಸಿ ಕೇಳಿಸ್ಕತೀನಿ" ಎಂದಳು.

ಮುಳ್ಳು ತೊಂಬತ್ತೊಂದಕ್ಕೆ ಹೋಗಿ ನಿಂತಿತು. ನಾನು ತಲೆ ಎತ್ತಿ ನೋಡಿದೆ. ಚೈತ್ರಾ ವೇಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಎದುರು ಗೋಡೆಯ ಹಣ್ಣು ತರಕಾರಿಯ ಚಿತ್ರಗಳನ್ನೇ ನೋಡುತ್ತ ನಿಂತಿದ್ದಳು. ಕಣ್ಣು ತುಂಬಿತ್ತು. ಅಷ್ಟೂ ಹೆಂಗಸರ ಮೇಲೆ ನನಗೆ ಮೈ ಉರಿದುಹೋಯಿತು.

"ಎಪ್ಪತ್ತೊಂದು!" ಎಂದು ಗಟ್ಟಿಯಾಗಿ ಕೂಗಿದೆ. "ಕೇಳಿಸ್ತಾ ದೊಡ್ಡಕ್ಕ? ಎಪ್ಪತ್ತೊಂದು. ನೀನೊಂದ್ಸಲ ಹತ್ತು ನೋಡಾನ, ನಿಂದೆಷ್ಟದೆ ಅಂತ."

ನಗು ದೊಡ್ಡಲಕ್ಷ್ಮಮ್ಮನ ಕಡೆ ತಿರುಗಿತು. ಎಪ್ಪತ್ತೊಂದು ಏನೂ ಕಡಿಮೆಯಲ್ಲ, ಆದರೆ ಅಷ್ಟು ತೂಗುವವರು ನಮ್ಮೂರಲ್ಲಿ ಮನೆಗೊಬ್ಬರಿದ್ದಾರೆ. ಚೈತ್ರಾಗೆ ತನ್ನ ನಿಜವಾದ ತೂಕ ಗೊತ್ತಿತ್ತು. ಅವಳು ನನ್ನ ಮುಖ ನೋಡಿ ನಕ್ಕಳು. ಮದುವೆಯಾಗಿ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಕಾರ್ಡಿನಲ್ಲಿ ಒಂಬತ್ತು ಬರೆಯುವ ಜಾಗದಲ್ಲಿ ಏಳು ಬರೆದೆ. ಮಧ್ಯಾಹ್ನ ಮನೆಗೆ ಹೋಗಿ ಮುದ್ದೆ ನುಂಗುವಾಗಲೂ, ಒಂದು ಹೆಣ್ಣಿನ ಮಾನ ಉಳಿಸಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಬಸುರಿನ ಮೊದಲಿಗೇ ತೂಕ ಬಹಳ ಹೆಚ್ಚಿದ್ದವರ ಕಾರ್ಡಿಗೆ ಕೆಂಪು ಗುರುತು ಹಾಕಿ ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಹಾಕಲಿಲ್ಲ. ಒಂದು ಸಲ ಏಳು ಬರೆದ ಮೇಲೆ ಮುಂದಿನ ತಿಂಗಳು ದಿಢೀರನೆ ಒಂಬತ್ತು ಬರೆಯುವುದು ಹೇಗೆ? ಪ್ರತಿ ತಿಂಗಳೂ ಮುಳ್ಳು ತೋರಿಸಿದ್ದರಲ್ಲಿ ಇಪ್ಪತ್ತು ಕಳೆದು ಬರೆಯುತ್ತ ಬಂದೆ. ರಕ್ತದ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆ ಇಲ್ಲವೆಂದು ಬಂತು. ಇನ್ನೇನು ಭಯ ಎಂದುಕೊಂಡೆ.

ಹೆರಿಗೆಗೆ ಮಹೇಂದ್ರ ಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮ್ ಗೊತ್ತುಮಾಡಿದ್ದ. ನಾನೂ ಜೊತೆಗೆ ಹೋದೆ. ಅಲ್ಲಿ ಕಾರ್ಡಿನಲ್ಲಿದ್ದುದನ್ನೇ ಎತ್ತಿ ತಮ್ಮ ಫೈಲಿಗೆ ಬರೆದುಕೊಂಡರು. ಡಾಕ್ಟರು ಚೈತ್ರಾಳನ್ನು ನೋಡಿ, "ಬಸುರಲ್ಲಿ ಚೆನ್ನಾಗಿ ಊದಿದ್ದೀಯಲ್ಲಮ್ಮ" ಎಂದರು. ಚೈತ್ರಾ ನನ್ನ ಕಡೆ ನೋಡಿದಳು. ನಾನು ಕೈಚೀಲದಲ್ಲಿ ಏನನ್ನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದೆ. ಮಗು ದೊಡ್ಡದೆಂದು ಆಪರೇಷನ್ ಮಾಡಿದರು. ಬೆಳಗ್ಗೆ ಹನ್ನೊಂದಕ್ಕೆ ಹೆಣ್ಣು ಮಗು ಹುಟ್ಟಿತು. ನಾಲ್ಕು ಕಾಲು ಕೆಜಿ.

ಅಂಥ ಮಗುವನ್ನು ನಾನು ಹೆಚ್ಚು ನೋಡಿಲ್ಲ. ತೋಳಿನಲ್ಲಿ ಎರಡೆರಡು ಮಡಿಕೆ, ತುಂಬಿದ ಕೆನ್ನೆ, ತಲೆ ತುಂಬ ಕೂದಲು. ದೊಡ್ಡಲಕ್ಷ್ಮಮ್ಮ ಎತ್ತಿಕೊಂಡು ಅತ್ತೇಬಿಟ್ಟಳು. ಹೆಣ್ಣೆಂದು ಒಂದು ಕ್ಷಣವೂ ಮುಖ ಸಣ್ಣ ಮಾಡಲಿಲ್ಲ, ಅದನ್ನು ಹೇಳಲೇಬೇಕು. ಆಮೇಲೆ ಅವಳ ಕಣ್ಣು ತೊಟ್ಟಿಲಿಗೆ ಕಟ್ಟಿದ್ದ ಚೀಟಿಯ ಮೇಲೆ ಬಿತ್ತು. ಅದರಲ್ಲಿ ತಾಯಿಯ ಹೆಸರು, ಹುಟ್ಟಿದ ಹೊತ್ತು, ತೂಕ ಬರೆದಿತ್ತು.

ನಮ್ಮ ಕಡೆ ಮೈ ತುಂಬಿದ ಮಗುವಿನ ತೂಕವನ್ನು ಇದ್ದದ್ದು ಇದ್ದ ಹಾಗೆ ಯಾರೂ ಹೇಳುವುದಿಲ್ಲ. ಯಾರಾದರೂ ಕೇಳಿದರೆ ಒಂದು ಕೆಜಿ ಇಳಿಸಿ ಹೇಳಿ, ಥೂ ಥೂ ಎಂದು ಉಗಿದು, ಅಂಗಾಲಿಗೆ ಕಾಡಿಗೆ ಬೊಟ್ಟು ಇಡುತ್ತಾರೆ. ದೊಡ್ಡಲಕ್ಷ್ಮಮ್ಮನಿಗೆ ಆ ಚೀಟಿ ನೋಡಿ ಜೀವವೇ ಹೋದಂತಾಯಿತು. ಹಿರಿಯ ನರ್ಸಿನ ಕೈ ಹಿಡಿದುಕೊಂಡು, "ನಿಮ್ ದಮ್ಮಯ್ಯ ಅಂತೀನಿ, ಬಂದೋರೆಲ್ಲ ಓದ್ತರೆ ಕಣವ್ವ. ಮೂರು ಅಂತ ಬರಿ. ನಾಕು ವರ್ಸಕ್ಕೆ ಬಂದಿರೋ ಕೂಸು" ಎಂದು ಗೋಗರೆದಳು. ನರ್ಸು ಇಂಥವರನ್ನು ಎಷ್ಟು ಜನರನ್ನು ಕಂಡಿದ್ದಳೋ, ನಕ್ಕು, "ಆಯ್ತು ಅಜ್ಜಿ. ಒಳಗಿನ ಫೈಲಲ್ಲಿ ಸರಿಯಾಗೇ ಇರತ್ತೆ" ಎಂದು ಬೇರೆ ಚೀಟಿ ಬರೆದು ಕಟ್ಟಿದಳು. ಮೂರು ಕಾಲು ಕೆಜಿ. ನಾನು ಪಕ್ಕದಲ್ಲೇ ಇದ್ದೆ. ಇಪ್ಪತ್ತು ಕೆಜಿ ನುಂಗಿದವಳು ಒಂದು ಕೆಜಿಗೆ ಏನು ಮಾತಾಡಲಿ?

ಅದೇ ನರ್ಸು ಹನ್ನೆರಡು ಗಂಟೆಗೆ ಮಗುವಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿದಳು. ಸದ್ಯಕ್ಕೆ ಪರವಾಗಿಲ್ಲ, ದೊಡ್ಡ ಮಗುವಾದ್ದರಿಂದ ನಾಳೆಯವರೆಗೂ ಆಗಾಗ ನೋಡುತ್ತಿರಬೇಕು, ಬೇಗ ಬೇಗ ಹಾಲು ಕುಡಿಸಿ ಎಂದಳು. ಎರಡು ಗಂಟೆಗೆ ಅವಳ ಡ್ಯೂಟಿ ಮುಗಿಯಿತು.

ಮಧ್ಯಾಹ್ನದ ಪಾಳಿಗೆ ಬಂದವಳು ಸಾನಾ. ಚನ್ನಪಟ್ಟಣದ ಹುಡುಗಿ, ಗೊಂಬೆ ಮಾಡುವವರ ಮನೆಯವಳಂತೆ. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಮೂರು ಗಂಟೆಗೆ ಪರೀಕ್ಷೆಯ ಪೆಟ್ಟಿಗೆ ಹಿಡಿದು ನಮ್ಮ ತೊಟ್ಟಿಲ ಹತ್ತಿರ ಬಂದು ಚೀಟಿ ನೋಡಿ ನಿಂತಳು.

"ದೊಡ್ಡ ಮಗು ಒಂದಿದೆ, ಶುಗರ್ ನೋಡ್ತಿರು ಅಂತ ಹೇಳಿ ಹೋಗಿದ್ರು. ಇದು ಮೂರು ಕಾಲೇ ಇದೆಯಲ್ಲ?"

"ಬ್ಯಾಡ ಕಣವ್ವ" ಎಂದು ದೊಡ್ಡಲಕ್ಷ್ಮಮ್ಮ ಅಡ್ಡ ನಿಂತಳು. "ಆಗ್ಲೇ ಒಂದ್ಸಲ ಚುಚ್ಚಿ ರಕ್ತ ತಗ್ದವ್ರೆ. ಕೂಸು ಮಲಗೈತೆ."

ಫೈಲು ಡಾಕ್ಟರ ಕೋಣೆಯಲ್ಲಿತ್ತು. ಡಾಕ್ಟರು ಇನ್ನೊಂದು ಆಪರೇಷನ್‌ನಲ್ಲಿದ್ದರು. ಸಾನಾ ಮಂಚದ ತಲೆದೆಸೆಯಲ್ಲಿದ್ದ ತಾಯಿ ಕಾರ್ಡು ಬಿಡಿಸಿ ನೋಡಿದಳು. ಹೊದಿಕೆಯೊಳಗೆ ಮಲಗಿದ್ದ ಚೈತ್ರಾಳನ್ನು ನೋಡಿದಳು. ಮತ್ತೆ ಕಾರ್ಡು ನೋಡಿದಳು.

"ಆಶಾ ಅವರೇ, ಶುರುನಲ್ಲಿ ಇವರ ತೂಕ ಎಷ್ಟಿತ್ತು? ಇದರಲ್ಲಿ ಎಪ್ಪತ್ತೊಂದು ಅಂತ ಇದೆ. ನೋಡಿದ್ರೆ..." ಎಂದು ಮಾತನ್ನು ಅಷ್ಟಕ್ಕೇ ನಿಲ್ಲಿಸಿದಳು. ಬಾಣಂತಿಯ ಮುಂದೆ ಆ ಮಾತು ಆಡಬಾರದೆಂಬ ಸೂಕ್ಷ್ಮ ಅವಳಿಗಿತ್ತು.

ಚೈತ್ರಾ ಅರೆಗಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ದೊಡ್ಡಲಕ್ಷ್ಮಮ್ಮ ಪಕ್ಕದಲ್ಲಿ. ಮಹೇಂದ್ರ ಬಾಗಿಲಲ್ಲಿ. ಸಿಸ್ಟರ್, ಸ್ವಲ್ಪ ಹೊರಗೆ ಬನ್ನಿ ಎಂದಿದ್ದರೆ ಸಾಕಿತ್ತು. ಮುಗಿದುಹೋಗುತ್ತಿತ್ತು. ಆದರೆ ತಿಂಗಳು ತಿಂಗಳೂ ಸುಳ್ಳು ಬರೆದವಳು ಎಂದು ಈ ಹುಡುಗಿ ಡಾಕ್ಟರಿಗೆ ಹೇಳಿದರೆ, ಡಾಕ್ಟರು ಮೇಲಿನವರಿಗೆ ಹೇಳಿದರೆ ಎಂಬ ಯೋಚನೆ ಬಂದು ನನ್ನ ನಾಲಿಗೆ ಕಟ್ಟಿತು. ಚೈತ್ರಾಳ ಮಾನ ಆಗ ನೆನಪಿಗೇ ಬರಲಿಲ್ಲ. ನನ್ನದಷ್ಟೇ ನೆನಪಿತ್ತು.

"ಕಾರ್ಡಲ್ಲಿ ಬರ್ದೈತಲ್ಲ ಸಿಸ್ಟರ್" ಎಂದೆ. "ನಾನೇ ತೂಗಿ ಬರ್ದಿರೋದು."

ಸಾನಾ ಕಾರ್ಡು ಮಡಿಸಿ ತಲೆದೆಸೆಗೆ ಇಟ್ಟಳು. ಆಮೇಲೆ, "ಹಾಗಾದ್ರೆ ಬೇರೆ ಮಗು ಇರ್ಬೇಕು" ಎಂದು ಪೆಟ್ಟಿಗೆಯ ಮುಚ್ಚಳ ಹಾಕಿಕೊಂಡು ಆಚೆಯ ಕೋಣೆಗೆ ಹೋದಳು.

ಮಗು ನಿದ್ದೆ ಮಾಡುತ್ತಲೇ ಇತ್ತು. ಚೈತ್ರಾಗೆ ಹಾಲು ಇಳಿದಿರಲಿಲ್ಲ. ಎದೆಗೆ ಹಿಡಿದರೆ ಎರಡು ಸಲ ಬಾಯಾಡಿಸಿ ಕಣ್ಣು ಮುಚ್ಚುತ್ತಿತ್ತು. ನೋಡಲು ಬಂದವರೆಲ್ಲ, "ಎಂಥಾ ಸಾಧು ಕೂಸು, ಅಳಾದೇ ಇಲ್ವಲ್ಲ!" ಎಂದು ಹೊಗಳಿದರು. ದೊಡ್ಡಲಕ್ಷ್ಮಮ್ಮ ಪ್ರತಿಯೊಬ್ಬರು ಹೋದ ಮೇಲೂ ನಿವಾಳಿಸಿದಳು. ನನಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. "ಎಬ್ಬಿಸಿ ಒಸಿ ಕುಡ್ಸಿ ದೊಡ್ಡಕ್ಕ" ಎಂದೆ. "ಮಲಗಿರೋ ಮಗೀನ ಯಾಕೆ ಎಬ್ಬಿಸ್ತೀಯ, ಹಸುವಾದ್ರೆ ತಾನೇ ಏಳ್ತದೆ" ಎಂದಳು. ನಾನು ಒತ್ತಾಯ ಮಾಡದೆ ಆರು ಗಂಟೆಯ ಬಸ್ಸು ಹಿಡಿದು ಊರಿಗೆ ಬಂದುಬಿಟ್ಟೆ.

ಬೆಳಗ್ಗೆ ಒಲೆ ಹಚ್ಚುತ್ತಿದ್ದಾಗ ಮಹೇಂದ್ರನ ಫೋನು ಬಂತು. "ಅಕ್ಕೋ, ಮಗು ಕೈಕಾಲು ಅದುರಿಸ್ತಾ ಐತೆ. ಕಣ್ಣು ಮೇಲಕ್ಕೆ ಹೊಳ್ಳೋಗೈತೆ. ಬೆಂಗಳೂರಿಗೆ ಆಂಬುಲೆನ್ಸಲ್ಲಿ ಹಾಕ್ತಾವ್ರೆ" ಎಂದು ಅಳುತ್ತಿದ್ದ. ಆ ಹೊತ್ತಿಗೆ ಮಗುವಿನ ರಕ್ತದಲ್ಲಿ ಇದ್ದ ಸಕ್ಕರೆ ಹದಿನೆಂಟು. ನಲವತ್ತೈದಾದರೂ ಇರಬೇಕಂತೆ.

ಬೆಂಗಳೂರಿನ ಮಕ್ಕಳ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇಟ್ಟುಕೊಂಡರು. ಅಲ್ಲಿನ ಡಾಕ್ಟರಮ್ಮ ಮಹೇಂದ್ರನನ್ನೂ ದೊಡ್ಡಲಕ್ಷ್ಮಮ್ಮನನ್ನೂ ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದರು. ನಾನು ಹಿಂದೆ ನಿಂತಿದ್ದೆ.

"ತಾಯಿ ಬಸುರಾಗೋಕೆ ಮುಂಚೇನೇ ತೂಕ ತುಂಬಾ ಹೆಚ್ಚಿದ್ರೆ, ಹೊಟ್ಟೆಯೊಳಗೆ ಮಗೂಗೆ ಸಕ್ಕರೆ ಧಾರಾಳವಾಗಿ ಹೋಗ್ತಿರುತ್ತೆ. ಸಕ್ಕರೆ ಕಾಯಿಲೆ ಇರ್ಲೇಬೇಕು ಅಂತೇನಿಲ್ಲ. ಅದನ್ನ ಅರಗಿಸೋಕೆ ಮಗುವಿನ ಮೈ ಇನ್ಸುಲಿನ್ ಜಾಸ್ತಿ ಮಾಡೋದನ್ನ ಅಲ್ಲೇ ರೂಢಿ ಮಾಡ್ಕೊಳ್ಳುತ್ತೆ. ಹೊಕ್ಕಳುಬಳ್ಳಿ ಕತ್ತರಿಸಿದ ಕೂಡ್ಲೇ ಸಕ್ಕರೆ ನಿಂತುಹೋಗುತ್ತೆ. ಇನ್ಸುಲಿನ್ ಅಷ್ಟು ಬೇಗ ನಿಲ್ಲಲ್ಲ. ಆಗ ಮಗು ಮಂಕಾಗುತ್ತೆ, ನಿದ್ದೆ ಅನ್ಕೋತಾರೆ. ಇದಕ್ಕೆ ಹೆದರ್ಬೇಕಾಗಿರ್ಲಿಲ್ಲ. ಒಂದು ದಿನ ಎಚ್ಚರವಾಗಿ ನೋಡಿ, ಹಾಲು ಕುಡಿಸಿ, ಕಡಿಮೆಯಾದ್ರೆ ಡ್ರಿಪ್ ಹಾಕಿದ್ರೆ ಸರಿಹೋಗ್ತಿತ್ತು. ಈಗ ಮೆದುಳಿಗೆ ಪೆಟ್ಟು ಬಿದ್ದಿದೆ."

ಅಷ್ಟು ಮಾತಿನಲ್ಲಿ ಮನೆಯವರ ಕಿವಿಗೆ ಬಿದ್ದದ್ದು ಮೊದಲನೆಯದೊಂದೇ. ಹೊರಗೆ ಬರುತ್ತಲೇ ದೊಡ್ಡಲಕ್ಷ್ಮಮ್ಮ ನೆಲಕ್ಕೆ ಕುಸಿದು, "ಇವಳ ಕೊಬ್ಬೇ ನನ್ ಕೂಸಿನ ತಲೆ ತಿಂದುಬುಡ್ತು" ಎಂದು ಎದೆ ಬಡಿದುಕೊಂಡಳು. ಮಹೇಂದ್ರ ಅವ್ವನನ್ನು ತಡೆಯಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಚೈತ್ರಾಗೆ ಬೈಗುಳಕ್ಕಿಂತ ಅದೇ ಹೆಚ್ಚು ನಾಟಿತು.

ಪೇಟೆಯ ನರ್ಸಿಂಗ್ ಹೋಮ್‌ನಲ್ಲಿ ಪರೀಕ್ಷೆ ತಪ್ಪಿಸಿದಳೆಂದು ಸಾನಾಳನ್ನು ಕೆಲಸದಿಂದ ತೆಗೆದರು. ಅದು ನನಗೆ ತಿಂಗಳ ಮೇಲೆ ಗೊತ್ತಾಯಿತು. ಅಷ್ಟೂ ಜನರಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಮಗು ಮನೆಗೆ ಬಂತು. ಆಶಾ ಕೆಲಸವೆಂದ ಮೇಲೆ ನಾನು ಹೋಗಲೇಬೇಕಲ್ಲ, ಹೋಗುತ್ತಿದ್ದೆ. ಮೂರು ತಿಂಗಳಾದರೂ ಮಗು ಮುಖ ನೋಡಿ ನಗಲಿಲ್ಲ. ಐದು ತಿಂಗಳಾದರೂ ಕತ್ತು ನಿಲ್ಲಲಿಲ್ಲ. ದಿನಕ್ಕೆ ಎರಡು ಹೊತ್ತು ಫಿಟ್ಸಿನ ಔಷಧಿ ಕುಡಿಸಬೇಕಿತ್ತು. ಹೆಸರಿಡುವ ಶಾಸ್ತ್ರವನ್ನು ಇವತ್ತು ನಾಳೆ ಎಂದು ಮುಂದಕ್ಕೆ ಹಾಕಿದರು, ಆಮೇಲೆ ಯಾರೂ ಅದರ ಮಾತೆತ್ತಲಿಲ್ಲ. ಪಾಪು ಎಂದೇ ಕರೆಯುತ್ತಿದ್ದರು. ದೊಡ್ಡಲಕ್ಷ್ಮಮ್ಮ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಗಂಟೆಗಟ್ಟಲೆ ಎಣ್ಣೆ ನೀವುತ್ತಿದ್ದಳು. ನೀವುತ್ತ ಸೊಸೆಯನ್ನು ಬೈಯುತ್ತಿದ್ದಳು. ತೊಟ್ಟಿಲ ಚೀಟಿಯ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಚೈತ್ರಾ ಮಾತ್ರ ಕರಗುತ್ತ ಹೋದಳು. ನಾನು ಮಧ್ಯಾಹ್ನ ಹೋದರೆ, ಊಟ ಆಯ್ತು ಎನ್ನುತ್ತಿದ್ದಳು. ಒಲೆಯ ಹತ್ತಿರ ತಟ್ಟೆ ಬೋರಲಾಗೇ ಇರುತ್ತಿತ್ತು. ಒಂದು ಸಲ ಬೈದೆ. "ಹಿಂಗೆ ಹೊಟ್ಟೆ ಒಣಗ್ಸಿದ್ರೆ ನೀನೂ ಬಿದ್ದೋಯ್ತೀಯ, ಆಮೇಲೆ ಪಾಪೂನ ಯಾರು ನೋಡ್ತಾರೆ?" ಅವಳು ಮಿಷನ್ನಿನ ಸೂಜಿಗೆ ದಾರ ಪೋಣಿಸುತ್ತ, "ಮುಂಚೇನೇ ಹೊಟ್ಟೆ ಒಣಗಿಸ್ಬೇಕಾಗಿತ್ತು ಅಕ್ಕ" ಎಂದಳು. ನಿಜ ಹೇಳಲೆಂದೇ ಎರಡು ಸಲ ಅವರ ಮನೆ ಬಾಗಿಲಿಗೆ ಹೋಗಿದ್ದೆ. ಎರಡು ಸಲವೂ ಮಗುವಿನ ಔಷಧಿ ಇದೆಯಾ ಎಂದು ಕೇಳಿ ವಾಪಸು ಬಂದೆ. ಬಾಯಿ ಜೋರಂತೆ ನನ್ನದು!

ಮಗುವಿಗೆ ಎಂಟು ತಿಂಗಳಾದಾಗ, ಬರುವ ಸೋಮವಾರ ಬೆಂಗಳೂರಿಗೆ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. ತಾಯಿ ಕಾರ್ಡು ತನ್ನಿ, ಮಗುವಿನ ಈಗಿನ ತೂಕವನ್ನೂ ಬರೆಸಿಕೊಂಡು ಬನ್ನಿ ಎಂದಿದ್ದರಂತೆ. ಅತ್ತೆ ಸೊಸೆ ಇಬ್ಬರೂ ಮಗುವನ್ನು ಎತ್ತಿಕೊಂಡು ಅಂಗನವಾಡಿಗೆ ಬಂದರು. ಅವತ್ತೂ ಗುರುವಾರ. ಗೋಡೆಗೆ ಒರಗಿ ಅದೇ ಹೆಂಗಸರು.

ಮಕ್ಕಳನ್ನು ನಾವು ಜೋಲಿ ತಕ್ಕಡಿಯಲ್ಲಿ ತೂಗುತ್ತೇವೆ. ಕತ್ತು ನಿಲ್ಲದ ಮಗುವನ್ನು ಅದರಲ್ಲಿ ಹಾಕುವ ಹಾಗಿಲ್ಲ, ತಲೆ ಹಿಂದಕ್ಕೆ ಬಿದ್ದುಹೋಗುತ್ತದೆ. ಅಂಥ ಮಕ್ಕಳಿಗೆ ಬೇರೆ ದಾರಿಯಿದೆ. ತಾಯಿ ಮಗುವನ್ನು ಎತ್ತಿಕೊಂಡು ದೊಡ್ಡ ಯಂತ್ರದ ಮೇಲೆ ನಿಲ್ಲಬೇಕು, ಆಮೇಲೆ ಒಬ್ಬಳೇ ನಿಲ್ಲಬೇಕು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮಗುವಿನ ತೂಕ ಸಿಗುತ್ತದೆ. ಎರಡನ್ನೂ ಇದ್ದ ಹಾಗೇ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ.

ಚೈತ್ರಾ ಮಗುವನ್ನು ಎತ್ತಿಕೊಂಡು ಹತ್ತಿದಳು. ಒಂದು ಅಂಗೈ ಮಗುವಿನ ಕತ್ತಿನ ಹಿಂದೆಯೇ ಇತ್ತು. ಎಪ್ಪತ್ತೇಳೂವರೆ. ಬರೆದುಕೊಂಡೆ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಒಬ್ಬಳೇ ನಿಂತಳು. ಚೂಡಿದಾರದ ತೋಳುಗಳನ್ನು ನಾಲ್ಕು ಬೆರಳಷ್ಟು ಒಳಕ್ಕೆ ಹಿಡಿದ ಹೊಲಿಗೆ ಕಾಣುತ್ತಿತ್ತು. ನಾನು ಕುಕ್ಕರುಗಾಲಲ್ಲಿ ಕೂತು ಗಾಜಿನೊಳಗೆ ನೋಡಿದೆ. ಮುಳ್ಳು ಅಲುಗಾಡಿ ನಿಂತಿತು.

ಬಗ್ಗಿ ಇನ್ನೊಮ್ಮೆ ನೋಡಿದೆ.

"ಎಷ್ಟೈತೆ?" ಎಂದಳು ದೊಡ್ಡಲಕ್ಷ್ಮಮ್ಮ.

"ಎಪ್ಪತ್ತೊಂದು" ಎಂದೆ. ಈ ಸಲ ಮುಳ್ಳೇ ಹಾಗೆ ತೋರಿಸುತ್ತಿತ್ತು.

ಅವಳು ಒಂದು ಕ್ಷಣ ಯೋಚಿಸಿದಳು. ಆಮೇಲೆ ಗೋಡೆಯ ಕಡೆ ತಿರುಗಿ, "ನೋಡ್ರವ್ವ!" ಎಂದಳು. "ಬಸುರಿಲಿ ಕಾರ್ಡು ಮಾಡ್ಸಕ್ಕೆ ಬಂದಾಗ್ಲೂ ಎಪ್ಪತ್ತೊಂದು, ಈಗ್ಲೂ ಎಪ್ಪತ್ತೊಂದು. ಉಣ್ಣಲ್ಲ, ತಿನ್ನಲ್ಲ, ಮೈ ಇಳಿಸ್ತಾವ್ನಿ ಅಂತ ಎಂಟು ತಿಂಗಳಿಂದ ನಾಟ್ಕ ಆಡ್ತಾವ್ಳೆ. ಒಂದು ಕೆಜಿ ಇಳಿದೈತಾ? ಕದ್ದು ತಿಂತಾಳೆ ಇವಳು! ಕೂಸನ್ನ ಈ ಗತಿಗೆ ತಂದಾದ್ಮೇಲೂ ಬಾಯಿ ಕಟ್ಟಕಾಗ್ನಿಲ್ಲ."

ಚೈತ್ರಾ ಯಂತ್ರದ ಮೇಲೆಯೇ ನಿಂತಿದ್ದಳು. ಎದುರು ಗೋಡೆಯ ಮೇಲೆ ಅದೇ ಹಣ್ಣು ತರಕಾರಿ ಚಿತ್ರಗಳಿದ್ದವು. ಈ ಸಲ ಕಣ್ಣು ತುಂಬಲಿಲ್ಲ. ತಿರುಗಿ ನನ್ನನ್ನು ನೋಡಲೂ ಇಲ್ಲ. ನಾನು ಬರೆದ ಸುಳ್ಳು, ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಅವಳು ಕಳೆದ ಎಂಟು ತಿಂಗಳನ್ನೂ ಕಿತ್ತುಕೊಂಡಿತ್ತು.

"ದೊಡ್ಡಕ್ಕ, ಬಾಯಿ ಮುಚ್ಚು" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅವತ್ತು ತೊಂಬತ್ತೊಂದು ಇತ್ತು. ನಾನು ಎಪ್ಪತ್ತೊಂದು ಅಂತ ಸುಳ್ಳು ಕೂಗ್ದೆ, ಸುಳ್ಳು ಬರ್ದೆ. ಹೆರಿಗೆವರೆಗೂ ಹಂಗೇ ಬರ್ದೆ. ನೀವೆಲ್ಲ ನಗ್ತಿದ್ರಲ್ಲ, ಅದಕ್ಕೆ. ಆ ನರ್ಸು ಹುಡುಗಿ ಬಂದು ಬಾಯಿಬಿಟ್ಟು ಕೇಳಿದ್ಲು. ಆಗ್ಲೂ ನಾನು ಹೇಳ್ನಿಲ್ಲ. ಹೇಳಿದ್ರೆ ಅವಳು ಇನ್ನೊಂದ್ಸಲ ರಕ್ತ ನೋಡಿರೋಳು. ಇವಳ ಮೈ ದಪ್ಪ ಇದ್ದದ್ದಕ್ಕೆ ಪಾಪು ಹಿಂಗಾಗ್ನಿಲ್ಲ. ದಪ್ಪ ಇತ್ತು ಅನ್ನೋದ ನಾನು ಮುಚ್ಚಿಟ್ಟಿದ್ದಕ್ಕೆ ಹಿಂಗಾಯ್ತು."

ಮಕ್ಕಳಿಗೆ ಸೂಜಿ ಹಾಕುತ್ತಿದ್ದ ಸಿಸ್ಟರ್ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಈ ಕೆಲಸ ಇನ್ನು ನನಗಿಲ್ಲ ಎಂದು ಆಗಲೇ ಗೊತ್ತಾಯಿತು. ಹೋದರೆ ಹೋಗಲಿ ಅನ್ನಿಸಿತು.

ದೊಡ್ಡಲಕ್ಷ್ಮಮ್ಮನ ಮುಖದ ಬಣ್ಣ ಇಳಿಯಿತು. ಮಗುವನ್ನು ಎದೆಗೆ ಒತ್ತಿಕೊಂಡಳು. "ಹಂಗಾದ್ರೆ... ತೊಟ್ಲಿಗೆ ಕಟ್ಟಿದ್ದ ಆ ಚೀಟಿ?" ಎಂದಳು.

"ಅದೂ ಸೇರ್ಕತದೆ ದೊಡ್ಡಕ್ಕ" ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವ ಕೆಲಸ ನನ್ನಿಂದ ಇನ್ನು ಸಾಧ್ಯವಿರಲಿಲ್ಲ.

ಅವಳು ಅಲ್ಲೇ ಗೋಡೆ ಹಿಡಿದು ಕೂತಳು. ನಾನು ಚೈತ್ರಾಳ ಪಾದದ ಹತ್ತಿರವೇ ಕೂತಿದ್ದೆ. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾಯುತ್ತಿದ್ದೆ. ಚೈತ್ರಾ ಯಂತ್ರದಿಂದ ಕೆಳಗಿಳಿದು ನನ್ನ ಪಕ್ಕದಲ್ಲಿ ಕೂತಳು.

"ಅವತ್ತು ನೀವು ಎಪ್ಪತ್ತೊಂದು ಅಂದಾಗ ನಂಗೆ ಎಷ್ಟು ಖುಷಿ ಆಗಿತ್ತು ಗೊತ್ತಾ ಅಕ್ಕ" ಎಂದಳು. "ಆಸ್ಪತ್ರೆಲಿ ಆ ಸಿಸ್ಟರ್ ಕೇಳ್ದಾಗ ನಾನೂ ಎಚ್ಚರವಾಗೇ ಇದ್ದೆ. ನೀವು ಹೇಳ್ಬುಡ್ತೀರೇನೋ ಅಂತ ಭಯ ಆಗಿ, ಹೇಳ್ದೆ ಇರ್ಲಿ ಅಂತ ದೇವರಿಗೆ ಬೇಡ್ಕತಿದ್ದೆ."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಕೈಚೀಲದಿಂದ ತಾಯಿ ಕಾರ್ಡು ತೆಗೆದು ನನ್ನ ತೊಡೆಯ ಮೇಲಿಟ್ಟಳು. ನಾನು ಮೊದಲ ತಿಂಗಳಿನ ಸಾಲಿನಲ್ಲಿದ್ದ ಏಳನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂಬತ್ತು ಬರೆದೆ. ಕೆಳಗಿನ ಸಾಲುಗಳನ್ನೂ ಒಂದೊಂದಾಗಿ ತಿದ್ದಿ, ರುಜು ಮಾಡಿ, ಅವತ್ತಿನ ತಾರೀಖು ಹಾಕಿದೆ. ಎಪ್ಪತ್ತೇಳೂವರೆಯಲ್ಲಿ ಎಪ್ಪತ್ತೊಂದು ಕಳೆದು ಪಾಪುವಿನ ತೂಕವನ್ನೂ ಬರೆದು, ಅತ್ತೆ ಸೊಸೆ ಇಬ್ಬರಿಗೂ ಓದಿ ಹೇಳಿದೆ. ಸೋಮವಾರ ಡಾಕ್ಟರಮ್ಮ ನೋಡುತ್ತಾರೆ. ನೋಡಿದರೆ ಪಾಪುವಿನ ಕತ್ತು ನಿಲ್ಲುತ್ತದೆಯೇ? ಇಲ್ಲ.

ಅಷ್ಟರಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಅಂಗನವಾಡಿಯ ಬಾಗಿಲಿಗೆ ಬಂದಳು. ಒಳಗೆ ನಡೆದದ್ದು ಅವಳಿಗೇನು ಗೊತ್ತು? ದೊಡ್ಡಲಕ್ಷ್ಮಮ್ಮನ ಮಡಿಲಲ್ಲಿದ್ದ ಮಗುವಿನ ಕೆನ್ನೆ ಮುಟ್ಟಿ, "ಎಷ್ಟು ಮುದ್ದಾಗಿದೆ! ತೂಕ ಎಷ್ಟಿದೆ ಅಜ್ಜಿ?" ಎಂದು ಕೇಳಿದಳು.

ನಾನು ದೊಡ್ಡಲಕ್ಷ್ಮಮ್ಮನ ಮುಖ ನೋಡಿದೆ. ಅವಳು ಉಗಿಯಲಿಲ್ಲ, ಮಗುವಿನ ಮೇಲೆ ಸೆರಗು ಎಳೆಯಲಿಲ್ಲ. ಅಲ್ಲಿ ಕೂತಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಆರೂವರೆ ಕೆಜಿ ಕಣವ್ವ. ಸರ್ಯಾಗಿ ಆರೂವರೆ."